ಒಂದು ಬೀಪ್ ಅಂದ್ರೆ ಹೌದು

ಧಡ್!

ಬಾಗಿಲಿಗೆ ಮೂರನೇ ಏಟು. ಮೇಲಿನ ಕೀಲಿನಿಂದ ಒಂದು ಸ್ಕ್ರೂ ಹಾರಿ ಬಂದು ನನ್ನ ಕಾಲಿಗೆ ತಗುಲಿತು.

ನಾನು ನೆಲದ ಮೇಲೆ ಬೋರಲು ಮಲಗಿದ್ದೆ. ಬಲಗೈ ಸರ್ವರ್ ರ‍್ಯಾಕಿನ ಅಡಿಯಲ್ಲಿ ಭುಜದವರೆಗೂ ಹೋಗಿತ್ತು. ಒಂದು ಪ್ಲಾಸ್ಟಿಕ್ ಡಬ್ಬಿ ಬೆರಳಿಗೆ ಸಿಗುತ್ತಿತ್ತು... ಜಾರುತ್ತಿತ್ತು.

"ಇಂಜಿನಿಯರ್ ಸಾಹೇಬ್ರೇ..." ಹೊರಗಿನಿಂದ ಜನರಲ್ ಮ್ಯಾನೇಜರ್ ದನಿ. ಸಕ್ಕರೆ ಪಾಕ! "ಯಾಕೆ ಸುಮ್ನೆ ಬಾಗಿಲು ಹಾಳು ಮಾಡಿಸ್ತೀರಿ? ನೀವೇ ತೆಗೀರಿ. ಕೂತು ಮಾತಾಡೋಣ."

"ಮಾತಾಡೋಕೆ ಹಾರೆ ಯಾಕೆ ಬೇಕು ಸಾರ್?"

"ಹಾರೆ ಹಿಡ್ಕೊಂಡಿರೋನು ನಾನಲ್ಲ. ಅವನಿಗೆ ಮಾತು ಕಮ್ಮಿ."

ಧಡ್!

ಮಾತು ಕಮ್ಮಿ ಇರುವವನು ಗೇಟಿನ ಸೆಕ್ಯುರಿಟಿ. ಆರಡಿ ಎತ್ತರ, ಅದಕ್ಕೆ ತಕ್ಕ ಅಗಲ. ಗೋದಾಮಿನಲ್ಲಿ ಎಲ್ಲರೂ ಅವನನ್ನು ಕರಡಿ ಎಂದೇ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

ಬಾಗಿಲು ಉಕ್ಕಿನದು. ಒಳಗಡೆ ಮೂರು ಚಿಲಕ. ಎರಡು ವರ್ಷದ ಹಿಂದೆ, "ಸರ್ವರ್ ರೂಮಿಗೆ ಮರದ ಬಾಗಿಲು ಸಾಲದು" ಎಂದು ಇದೇ ಮ್ಯಾನೇಜರ್ ಹತ್ತಿರ ಜಗಳವಾಡಿ ನಾನೇ ಹಾಕಿಸಿದ್ದೆ. ಈಗ ಅದರ ಮೇಲೆ ನನಗಿದ್ದಷ್ಟು ಪ್ರೀತಿ ಇನ್ಯಾರ ಮೇಲೂ ಇರಲಿಲ್ಲ.

ಡಬ್ಬಿ ಕೈಗೆ ಬಂತು. ಎಳೆದೆ. ರ‍್ಯಾಕು ಒಂದು ಕಡೆ ವಾಲಿತು.

ಸ್ವಾಮಿ, ನೀವು ಸಿನಿಮಾದಲ್ಲಿ ನೋಡಿರುತ್ತೀರಿ. ಇಂಥ ಹೊತ್ತಿನಲ್ಲಿ ಹೀರೋ ಎಲ್ಲಿಂದಲೋ ಪಿಸ್ತೂಲು ಎಳೆಯುತ್ತಾನೆ.

ನಾನು ಎಳೆದದ್ದು ಮೋಡೆಮ್!

ಡಯಲ್-ಅಪ್ ಮೋಡೆಮ್. ಫೋನ್ ತಂತಿಯ ಮೇಲೆ ಕೀಂಯ್ ಎಂದು ಕೂಗಿ ಇನ್ನೊಂದು ಊರಿನ ಕಂಪ್ಯೂಟರನ್ನು ಎಬ್ಬಿಸುವ ಹಳೇ ಡಬ್ಬಿ. ರ‍್ಯಾಕಿನ ಒಂದು ಕಾಲು ಗಿಡ್ಡವೆಂದು ಅದರಡಿ ಅದನ್ನು ತುರುಕಿಟ್ಟವನೂ ನಾನೇ. ಕೇಬಲ್ಲು ಅದಕ್ಕೇ ಸುತ್ತಿಕೊಂಡಿತ್ತು. ಉಫ್ ಎಂದು ಊದಿದೆ. ಎರಡು ವರ್ಷದ ಧೂಳು ಪೂರ್ತಿ ನನ್ನ ಕಣ್ಣಿಗೇ ಬಂತು.

ಹಿಂದಿನ ಕತೆ ಚಿಕ್ಕದು. ಕೇಳಿಬಿಡಿ.

ಅದು ಔಷಧಿ ಗೋದಾಮು. ಹಿಂಭಾಗದಲ್ಲಿ ಒಂದು ಮನೆಯಷ್ಟು ದೊಡ್ಡ ಕೋಲ್ಡ್ ರೂಮ್. ರೋಗ ಬಾರದಿರಲೆಂದು ಮಕ್ಕಳಿಗೆ ಹಾಕುವ ಡ್ರಾಪ್ಸ್ ಬಾಟಲಿಗಳು ಅಲ್ಲಿರುತ್ತವೆ. ಎರಡು ಡಿಗ್ರಿಯಿಂದ ಎಂಟು ಡಿಗ್ರಿ, ಅದರ ಮೇಲೆ ಹೋಗಕೂಡದು. ಹೋದರೆ ಬಾಟಲಿ ಹಾಗೇ ಇರುತ್ತದೆ, ಬಣ್ಣ ಹಾಗೇ ಇರುತ್ತದೆ... ಒಳಗಿನ ಮದ್ದು ಮಾತ್ರ ಸತ್ತಿರುತ್ತದೆ. ಹಾಕಿಸಿಕೊಂಡ ಮಗುವಿನ ತಾಯಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾಳೆ. ರೋಗ ಬಂದ ಮೇಲೆಯೇ ಅವಳಿಗೆ ಗೊತ್ತಾಗುವುದು.

ಭಾನುವಾರ ಆ ಕೋಲ್ಡ್ ರೂಮು ಕೆಟ್ಟು ನಿಂತಿತು. ಸೋಮವಾರ ಬೆಳಗ್ಗೆ ಸ್ಟೋರ್‌ಕೀಪರ್ ಬಂದು ನೋಡಿ, ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಳು: ಇಪ್ಪತ್ತಾರು ಡಿಗ್ರಿ, ಮಾಲು ಕಳಿಸಕೂಡದು.

ಮಂಗಳವಾರ ಆ ಪುಟವೇ ಇಲ್ಲ! ಅದರ ಜಾಗದಲ್ಲಿ ಹೊಸ ಪುಟ. ನಾಲ್ಕು ಡಿಗ್ರಿ, ನಾಲ್ಕು ಡಿಗ್ರಿ, ನಾಲ್ಕು ಡಿಗ್ರಿ... ಬುಧವಾರ ಸ್ಟೋರ್‌ಕೀಪರ್ ಸಸ್ಪೆಂಡ್. ರಿಜಿಸ್ಟರ್ ತಿದ್ದಿದ ಆರೋಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

ಎಮ್ಮೆ ಎಂದದ್ದನ್ನು ದಯವಿಟ್ಟು ಎಲ್ಲೂ ಹೇಳಬೇಡಿ. ಆ ಸ್ಟೋರ್‌ಕೀಪರ್ ನನ್ನ ಹೆಂಡತಿ.

ಬುಧವಾರ ಸಂಜೆಯೇ ಅವಳು ಡ್ರಗ್ ಇನ್ಸ್‌ಪೆಕ್ಟರ್ ಮೇಡಂ ಹತ್ತಿರ ಹೋದಳು. ಆ ಹೆಂಗಸು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ಒರೆಸಿದರು. "ನಂಬ್ತೀನಮ್ಮಾ. ಆದ್ರೆ ಬಾಯಿಮಾತಿಗೆ ಲಾರಿ ನಿಲ್ಲಲ್ಲ. ಕಾಗದ ಬೇಕು. ನಾಳೆ ಮೂರು ಗಂಟೆಗೆ ನಿಮ್ಮನೆಗೆ ಫೋನ್ ಮಾಡ್ತೀನಿ. ಅಷ್ಟರೊಳಗೆ ಏನಾದ್ರೂ ಸಿಕ್ಕಿದ್ರೆ ಹೇಳು."

ಗುರುವಾರ ಸಂಜೆ ನಾಲ್ಕಕ್ಕೆ ಲಾರಿ. ಹನ್ನೆರಡು ಸಾವಿರ ಬಾಟಲಿ.

ಕಾಗದ ಎಲ್ಲಿದೆ ಎಂದು ಗೊತ್ತಿದ್ದವನು ಪ್ರಪಂಚದಲ್ಲಿ ನಾನೊಬ್ಬನೇ.

ಕಂಪನಿಗಳಿಗೆ ಫೈರ್‌ವಾಲ್ ಕಟ್ಟಿಕೊಡುವುದು ನನ್ನ ಕಸುಬು. ಫೈರ್‌ವಾಲ್ ಎಂದರೆ ಕಂಪ್ಯೂಟರ್‌ಗಳ ಕಾವಲುಗಾರ. ಒಂದು ಹಳೇ ಪಿ.ಸಿ., ಅದರಲ್ಲಿ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್, ಅದರಲ್ಲಿ ನಾನು ಬರೆದ ನಿಯಮಗಳು. ಯಾರು ಒಳಗೆ ಬರಬಹುದು, ಯಾರು ಹೊರಗೆ ಹೋಗಬಹುದು ಎಂದು ಅದು ನೋಡಿಕೊಳ್ಳುತ್ತದೆ. ಕೋಲ್ಡ್ ರೂಮಿನ ಥರ್ಮಾಮೀಟರ್ ಐದು ನಿಮಿಷಕ್ಕೊಮ್ಮೆ ಆಫೀಸಿನ ಸರ್ವರಿಗೆ ಅಂಕಿ ಕಳಿಸುತ್ತಿತ್ತು. ಮ್ಯಾನೇಜರ್ ಸರ್ವರಿನಲ್ಲಿದ್ದ ಭಾನುವಾರವನ್ನು ಒರೆಸಿಹಾಕಿದ್ದ. ಆದರೆ ಆ ಅಂಕಿಗಳೆಲ್ಲ ನನ್ನ ಫೈರ್‌ವಾಲ್ ದಾಟಿಯೇ ಹೋಗಬೇಕಿತ್ತು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ನಾನು ಕಟ್ಟಿದ ಗೋಡೆಗೆ ನೋಟ್‌ಬುಕ್ಕೂ ಇತ್ತು.

ಗುರುವಾರ ಎರಡು ಗಂಟೆಗೆ ವರ್ಷದ ಸರ್ವಿಸ್ ನೆಪ ಹೇಳಿ ಒಳಗೆ ಬಂದೆ. ಗೇಟಿನಲ್ಲಿ ಮೊಬೈಲ್ ಕಸಿದುಕೊಂಡರು. ಅದು ಅಲ್ಲಿಯ ರೂಲ್ಸು. ಭಾನುವಾರದ ಅಂಕಿ ಒಂದೂ ಬಿಡದಂತೆ ಸಿಕ್ಕಿತು. ಮನೆಗೆ ಮೇಲ್ ಮಾಡೋಣವೆಂದು ಬಟನ್ ಒತ್ತಿದೆ... ಇಂಟರ್ನೆಟ್ ಸತ್ತಿತು!

ಆದದ್ದಿಷ್ಟು. ಅದೇ ಹೊತ್ತಿಗೆ ಮ್ಯಾನೇಜರ್ ನನ್ನ ಹೆಂಡತಿಯನ್ನು ಡಿಸ್ಮಿಸ್ ಮಾಡುವ ಕಾಗದ ಬರೆಸಲು ಅವಳ ಫೈಲ್ ತೆರೆದಿದ್ದ. ಗಂಡನ ಹೆಸರು ಓದಿದ್ದ. ಎದ್ದು ಬಂದು ಮೊದಲು ಕೇಬಲ್ ಕತ್ತರಿಸಿದ, ಆಮೇಲೆ ಕರಡಿಯನ್ನು ಕರೆದ.

ನಾನು ಚಿಲಕ ಹಾಕಿಕೊಂಡೆ.

ಧಡ್!

"ಸಾಹೇಬ್ರೇ, ಕರೆಂಟೂ ತೆಗೀತೀನಿ!"

ತೆಗೆದ. ದೀಪ ಆರಿತು. ಏಸಿ ನಿಂತಿತು. ಮೂಲೆಯಲ್ಲಿದ್ದ ಯುಪಿಎಸ್ ಕುಂಯ್‌ಗುಡತೊಡಗಿತು. ಬ್ಯಾಟರಿ ಇನ್ನೆಷ್ಟು ಹೊತ್ತು ಬರುತ್ತದೆಂದು ಅದರ ಮೇಲೆ ಅಂಕಿ: ಇಪ್ಪತ್ತೆರಡು ನಿಮಿಷ.

ಗೋಡೆಯ ಕೆಳಗಡೆ ಹಳೇ ಫ್ಯಾಕ್ಸ್ ಮೆಷಿನ್ನಿನ ಫೋನ್ ಪಾಯಿಂಟ್ ಇತ್ತು. ಮೆಷಿನ್ ಗುಜರಿಗೆ ಹೋಗಿ ವರ್ಷವಾಗಿತ್ತು. ಲೈನ್ ಕಿತ್ತುಹಾಕಲು ಯಾರಿಗೂ ನೆನಪಿರಲಿಲ್ಲ. ಮೋಡೆಮ್ಮಿನ ಒಂದು ತುದಿಯನ್ನು ಅದಕ್ಕೆ ಚುಚ್ಚಿದೆ, ಇನ್ನೊಂದನ್ನು ಫೈರ್‌ವಾಲ್ ಪಿ.ಸಿ.ಯ ಬೆನ್ನಿಗೆ. ಪವರ್ ಕೊಟ್ಟೆ.

ಕೆಂಪು ದೀಪ ಹತ್ತಿತು!

ಎ, ಟಿ ಎಂದು ಎರಡು ಅಕ್ಷರ ಟೈಪ್ ಮಾಡಿದೆ. ಮೋಡೆಮ್ ಭಾಷೆಯಲ್ಲಿ 'ಇದ್ದೀಯಾ' ಎಂದು ಕೇಳಿದಂತೆ. ಪರದೆಯ ಮೇಲೆ ಕಸ ಬಂತು. ಸ್ಪೀಡ್ ತಪ್ಪಾಗಿತ್ತು. ಬದಲಾಯಿಸಿದೆ. ಮತ್ತೆ ಕೇಳಿದೆ.

ಓಕೆ, ಎಂದಿತು.

ಆಹಾ, ಎರಡು ವರ್ಷ ರ‍್ಯಾಕ್ ಹೊತ್ತ ಡಬ್ಬಿ ಓಕೆ ಎನ್ನುತ್ತದೆ. ನಾನು ಅರ್ಧ ತಾಸು ಅಕ್ಕಿ ಮೂಟೆ ಹೊತ್ತರೆ ಮೂರು ದಿನ ಮಾತಾಡುವುದಿಲ್ಲ.

ಪ್ಲಾನ್ ಸರಳವಾಗಿತ್ತು. ನಮ್ಮ ಮನೆಯ ಹಾಲಿನಲ್ಲಿ ನನ್ನ ಕಂಪ್ಯೂಟರ್ ಇದೆ, ಅದಕ್ಕೂ ಒಂದು ಮೋಡೆಮ್ ಇದೆ. ಮನೆಯ ಫೋನು ಐದು ಸಲ ರಿಂಗಾದರೆ ಆ ಮೋಡೆಮ್ ತಾನೇ ಎತ್ತಿಕೊಳ್ಳುತ್ತದೆ. ಹೊರಗಿನಿಂದ ಕೆಲಸ ಮಾಡಲೆಂದು ನಾನೇ ಮಾಡಿಟ್ಟ ಏರ್ಪಾಡು. ಇಲ್ಲಿಂದ ಡಯಲ್ ಮಾಡಬೇಕು, ಅದು ಎತ್ತಬೇಕು, ಫೈಲ್ ಕಳಿಸಬೇಕು, ಅಲ್ಲಿಯ ಪ್ರಿಂಟರಿಗೆ ಹೊಡೆ ಎನ್ನಬೇಕು. ಮುಗಿಯಿತು.

ಡಯಲ್ ಮಾಡಿದೆ. ಮೋಡೆಮ್ಮಿನ ಪುಟ್ಟ ಸ್ಪೀಕರಿನಲ್ಲಿ ರಿಂಗ್ ಕೇಳಿಸಿತು.

ಒಂದು... ಎರಡು...

"ಹಲೋ! ಇನ್ಸ್‌ಪೆಕ್ಟರ್ ಮೇಡಮ್ಮಾ?"

ನನ್ನ ಹೆಂಡತಿ!

ಇರದೇ ಇನ್ನೇನು? ಮೂರು ಗಂಟೆಯ ಫೋನಿಗಾಗಿ ಬೆಳಗಿನಿಂದ ಅದರ ಪಕ್ಕದಲ್ಲೇ ಕೂತಿದ್ದಳು. ಐದನೇ ರಿಂಗಿನವರೆಗೆ ಬಿಡುವುದುಂಟೇ? ಅವಳ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಮಾತು ಅವಳಿಗೆ ಕೇಳಿಸಲು ದಾರಿಯಿಲ್ಲ. ಮೋಡೆಮ್ಮಿಗೆ ಸ್ಪೀಕರ್ ಇದೆ, ಮೈಕ್ ಇಲ್ಲ. ಅದು ನನ್ನ ಪರವಾಗಿ ಸೊಳ್ಳೆಯ ಹಾಗೆ ಕುಂಯ್... ಕುಂಯ್... ಎಂದಿತು.

"ಯಾರದು? ರಾಂಗ್ ನಂಬರ್!"

ಇಟ್ಟಳು.

ಮತ್ತೆ ಡಯಲ್. ಈ ಸಲ ಒಂದನೇ ರಿಂಗಿಗೇ ಎತ್ತಿದಳು. ಕುಂಯ್... ಕುಂಯ್...

"ಯಾರ್ರೀ ಅದು? ಕೆಲ್ಸ ಇಲ್ವಾ ನಿಮ್ಗೆ?"

ಧಡ್! ಎರಡನೇ ಸ್ಕ್ರೂ ಬಿತ್ತು. ಯುಪಿಎಸ್: ಹದಿನೆಂಟು ನಿಮಿಷ.

ಮೂರನೇ ಸಲ ಅವಳು ಹಲೋ ಎನ್ನಲೂ ಇಲ್ಲ.

"ಏಯ್, ಮ್ಯಾನೇಜರ್ ಕಡೆಯವ್ನಾ ನೀನು? ಹೆದರಿಸ್ತೀಯಾ? ಹೋಗಿ ಹೇಳು ನಿನ್ನ ಸಾಹೇಬ್ನಿಗೆ! ಹನ್ನೊಂದು ವರ್ಷ ಆ ಕೋಲ್ಡ್ ರೂಮ್ ನೋಡ್ಕೊಂಡಿದೀನಿ. ನನ್ನ ರಿಜಿಸ್ಟರಲ್ಲಿ ಒಂದು ಅಂಕಿ ತಪ್ಪಿಲ್ಲ. ಮಕ್ಕಳ ಬಾಯಿಗೆ ಸತ್ತ ಔಷಧಿ ಹಾಕಿಸೋ ನಿಮಗೆ ಹುಳ ಬೀಳ..."

ಅವಳು ಬೈಯುತ್ತಿದ್ದಳು. ನಾನು ಕತ್ತಲೆ ಕೋಣೆಯಲ್ಲಿ ಡಬ್ಬಿಗೆ ಕಿವಿ ಹಚ್ಚಿ ಕೂತಿದ್ದೆ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳ ಬೈಗುಳ ಕೇಳಿ ಹೆಮ್ಮೆಪಟ್ಟದ್ದು ಅದೇ ಮೊದಲು. ಬೈಸಿಕೊಳ್ಳುತ್ತಿದ್ದವನು ನಾನಲ್ಲ ಎಂಬುದೂ ಒಂದು ಕಾರಣ.

ಹಾಗೆಯೇ ಹೊಳೆಯಿತು. ಹಳೇ ಉಪಾಯ! ನಂಬರಿನ ಕೊನೆಗೆ ಒಂದು ಸೆಮಿಕೋಲನ್ ಹಾಕಿದರೆ ಮೋಡೆಮ್ ಡಯಲ್ ಮಾಡಿ ಸುಮ್ಮನಿರುತ್ತದೆ, ಲೈನ್ ಬಿಡುವುದಿಲ್ಲ. ಆಮೇಲೆ ನಾನು ಒಂದೊಂದೇ ಅಂಕಿ ಒತ್ತಬಹುದು. ಒತ್ತಿದಷ್ಟು ಸಲ ಆ ಕಡೆ ಬೀಪ್ ಕೇಳುತ್ತದೆ.

ನಾಲ್ಕನೇ ಸಲ.

"ಮತ್ತೆ ನೀನೇನಾ..."

ಬೀಪ್.



ಬೀಪ್. ಬೀಪ್.

"ಈ ಶಬ್ದ..." ಅವಳ ದನಿ ಇಳಿಯಿತು. "ಇವ್ರು ಕಂಪ್ಯೂಟರ್ ಮುಂದೆ ಕೂತಾಗ ನಮ್ಮನೆ ಫೋನ್ ಎತ್ತಿದ್ರೆ ಇದೇ ಪೀಡೆ ತಾನೆ ಇರೋದು... ರೀ! ನೀವೇನಾ?"

ಬೀಪ್!

"ಮಾತಾಡಕ್ಕಾಗ್ತಿಲ್ವಾ?"

ಬೀಪ್, ಬೀಪ್. ಹೌದು ಎನ್ನಲೋ ಇಲ್ಲ ಎನ್ನಲೋ ತಿಳಿಯದೆ ಎರಡು ಸಲ ಒತ್ತಿದ್ದೆ.

"ಇರಿ, ಗೊಂದಲ ಮಾಡ್ಬೇಡಿ. ಒಂದು ಬೀಪ್ ಅಂದ್ರೆ ಹೌದು. ಎರಡು ಅಂದ್ರೆ ಇಲ್ಲ. ತಿಳೀತಾ?"

ಸ್ಟೋರ್‌ಕೀಪರ್ ನೋಡಿ! ಹನ್ನೊಂದು ವರ್ಷ ಲೋಡರ್‌ಗಳನ್ನೂ ಡ್ರೈವರ್‌ಗಳನ್ನೂ ಸಾಲಾಗಿ ನಿಲ್ಲಿಸಿದವಳು.

ಬೀಪ್.

"ಅಂಕಿ ಸಿಕ್ತಾ?"

ಬೀಪ್!

"ದೇವ್ರೇ... ಗೇಟಿಂದ ಹೊರಗೆ ಬಂದ್ರಾ?"

ಬೀಪ್, ಬೀಪ್.

ಧಡ್! ಈ ಏಟು ಅವಳಿಗೆ ಕೇಳಿಸುವಂತಿರಲಿಲ್ಲ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು.

"ಸಿಕ್ಕಿಹಾಕ್ಕೊಂಡಿದೀರಾ?"

ಬೀಪ್.

"ಪೊಲೀಸ್ರಿಗೆ ಹೇಳ್ಲಾ?"

ಬೆರಳು ಎತ್ತಿ ಹಿಡಿದೆ. ಹೇಳಿದರೆ ಅವರು ಬರುತ್ತಾರೆ, ಕೇಳುತ್ತಾರೆ, ಬರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಲಾರಿ ಊರು ದಾಟಿರುತ್ತದೆ, ನನ್ನ ಫೈಲ್ ಹಾರೆಯ ಕೆಳಗೆ ಪುಡಿಯಾಗಿರುತ್ತದೆ.

ಬೀಪ್, ಬೀಪ್.

"ಮೊದ್ಲು ಕಾಗದ. ಅಲ್ವಾ? ನಾನು ಫೋನ್ ಇಟ್ಟು ಮತ್ತೆ ಎತ್ತಬಾರ್ದು. ನಿಮ್ಮ ಕಂಪ್ಯೂಟ್ರೇ ಎತ್ತತ್ತೆ. ಸರೀನಾ?"

ಬೀಪ್! ಮುತ್ತಿನಂಥ ಹೆಂಗಸು!

"ಆದ್ರೆ ಅದನ್ನ ಆರಿಸಿಬಿಟ್ಟೆನಲ್ಲ! ನೀವು ಹೊರಟ ಮೇಲೆ ಸುಮ್ನೆ ಕರೆಂಟ್ ಎಳೀತಾ ಇತ್ತು."

ತಲೆಗೆ ಕೈ ಹಚ್ಚಿಕೊಂಡೆ. ಅಂದರೆ ಅವಳು ಫೋನ್ ಎತ್ತದಿದ್ದರೆ ಅದು ಸಾಯಂಕಾಲದವರೆಗೆ ರಿಂಗಾಗುತ್ತಲೇ ಇರುತ್ತಿತ್ತು. ಎತ್ತಬಾರದು, ಎತ್ತಬಾರದು ಎಂದು ನಾನು ಜಪ ಮಾಡಿದ್ದೆಲ್ಲ ದಂಡ.

"ಆನ್ ಮಾಡ್ತೀನಿ. ಮೂರು ನಿಮಿಷ ಬೇಕು ಅದಕ್ಕೆ. ಕಾಗದ ಬಂದ ತಕ್ಷಣ ನಾನೇ ತಗೊಂಡು ಹೋಗ್ತೀನಿ. ಸ್ಕೂಟರಲ್ಲಿ."

ನಾನು ಬೀಪ್ ಒತ್ತಲಿಲ್ಲ.

"ರೀ. ಸ್ಕೂಟರ್ ಓಡಿಸ್ಲಾ?"

ಸ್ವಾಮಿ, ಇದರ ಹಿಂದೆ ನಾಲ್ಕು ವರ್ಷದ ಇತಿಹಾಸ ಇದೆ. ನಾಲ್ಕು ವರ್ಷದ ಹಿಂದೆ ಅವಳು ಆ ಸ್ಕೂಟರನ್ನು ಎದುರುಮನೆ ಡಾಕ್ಟರ ಕಾಂಪೌಂಡಿಗೆ ಗುದ್ದಿದ್ದಳು. ಅಂದಿನಿಂದ ಕೀ ನನ್ನ ಬಳಿ. ಅವಳು ಕೇಳುವುದು, ನಾನು ಬ್ರೇಕು ಸರಿಯಿಲ್ಲ, ರೋಡು ಸರಿಯಿಲ್ಲ, ಮೋಡ ಆಗಿದೆ ಎನ್ನುವುದು. ಇವತ್ತು ಮಾತ್ರ ನನಗೆ ಬಾಯಿ ಇರಲಿಲ್ಲ.

ಬೀಪ್.

"ಕೀ ಎಲ್ಲಿ ಬಚ್ಚಿಟ್ಟಿದೀರಿ? ಫ್ರಿಜ್ ಮೇಲಾ?"

ಬೀಪ್, ಬೀಪ್.

"ಅಕ್ಕಿ ಡಬ್ಬದಲ್ಲಾ?"

...ಬೀಪ್.

"ಥೂ ನಿಮ್ಮ!" ಆಮೇಲೆ ಬೇರೆಯೇ ದನಿ. "ರೀ... ಹೆದ್ರಿಕೆ ಆಗ್ತಿದೆಯಾ?"

ಬೀಪ್, ಬೀಪ್.

"ಸುಳ್ಳು."

ಇಟ್ಟಳು.

ನನ್ನ ಕಣ್ಣು ತೇವವಾಗಿತ್ತು. ಧೂಳು ಎಂದು ಹೇಳಬಹುದಿತ್ತು. ಹೇಳುವುದಿಲ್ಲ. ನಿಜವಾಗಿಯೂ ಹೆದರಿದ್ದೆ, ಅವಳು ಕೇಳಿದ್ದಕ್ಕೆ ಅಳು ಬಂತು.

ಮೂರು ನಿಮಿಷ. ಹೊರಗೆ ಮ್ಯಾನೇಜರ್ ಹಾಡುತ್ತಲೇ ಇದ್ದ.

"ಸಾಹೇಬ್ರೇ, ನಿಮ್ಮ ಮಿಸೆಸ್ ಕೆಲಸ ವಾಪಸ್ ಕೊಡ್ತೀನಿ. ಪ್ರಮೋಷನ್ ಸಮೇತ!"

"ರಿಜಿಸ್ಟರ್ ತಿದ್ದಿದವಳಿಗೆ ಪ್ರಮೋಷನ್ನಾ ಸಾರ್?"

"ಮನುಷ್ಯ ತಪ್ಪು ಮಾಡ್ತಾನೆ..."

"ಯಾವ ಮನುಷ್ಯ?"

ಉತ್ತರ ಹಾರೆಯಿಂದ ಬಂತು. ಮೇಲಿನ ಕೀಲು ಕಿತ್ತು ಬಾಗಿಲಿನ ಮೂಲೆ ಒಳಗೆ ಬಾಗಿತು. ಆ ಸಂದಿಯಲ್ಲಿ ಕರಡಿಯ ಒಂದು ಕಣ್ಣು ಕಾಣಿಸಿತು.

ಡಯಲ್!

ಒಂದು... ಎರಡು... ಮೂರು... ಅವಳು ಎತ್ತಲಿಲ್ಲ. ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ನಾಲ್ಕು... ಐದು...

ಕ್ರೀಂಂಂ... ಕರ್ರ್‌ರ್... ಬೊಂಯ್ ಬೊಂಯ್... ಖ್‌ಶ್‌ಶ್‌ಶ್!

ಕನೆಕ್ಟ್!

ಇಂಥ ಇಂಪಾದ ಸಂಗೀತ ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಮನೆಯ ಕಂಪ್ಯೂಟರ್ ಹೆಸರು ಕೇಳಿತು, ಕೊಟ್ಟೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಎರಡು ಯಂತ್ರಗಳ ನಡುವೆ ದಾರಿ ತೆರೆಯಿತು. ಫೈಲ್ ಕಳಿಸು ಎಂದೆ.

ಏನೂ ಕದಲಲಿಲ್ಲ.

ಸೊನ್ನೆ ಪರ್ಸೆಂಟ್.

ಯುಪಿಎಸ್: ಒಂಬತ್ತು ನಿಮಿಷ.

ಕೇಬಲ್ ಅಲ್ಲಾಡಿಸಿದೆ. ಮೋಡೆಮ್ಮಿಗೆ ಬೈದೆ. ಫೋನ್ ಇಲಾಖೆಗೆ ಬೈದೆ. ಲಿನಕ್ಸ್ ಬರೆದವರ ಏಳು ತಲೆಮಾರಿಗೆ ಬೈದೆ. ಸೊನ್ನೆ ಪರ್ಸೆಂಟ್! ಲೈನ್ ಚೆನ್ನಾಗಿದೆ, ದೀಪ ಮಿನುಗುತ್ತಿದೆ, ಆ ಕಡೆಯವನು ಕಾಯುತ್ತಿದ್ದಾನೆ... ಯಾರು ತಡೆಯುತ್ತಿದ್ದಾರೆ?

ಮೂರು ನಿಮಿಷ ಹಾಳು ಮಾಡಿದ ಮೇಲೆ ಬೆಳಕಾಯಿತು.

ನಾನೇ!

ಈ ಫೈರ್‌ವಾಲಿಗೆ ಎರಡು ಬಾಗಿಲು. ಒಂದು ಆಫೀಸಿನ ಕಡೆಗೆ, ಒಂದು ಇಂಟರ್ನೆಟ್ ಕಡೆಗೆ. ಎರಡು ನೂರು ನಿಯಮ ಬರೆದಿದ್ದೆ, ಎಲ್ಲವೂ ಆ ಎರಡು ಬಾಗಿಲಿನ ಹೆಸರಿಗೆ. ಕೊನೆಯ ಸಾಲು ಇದು: ಇವೆರಡನ್ನು ಬಿಟ್ಟು ಬೇರೆ ಯಾವ ದಾರಿಯಲ್ಲೂ ಏನೂ ಹೋಗಕೂಡದು, ಬರಕೂಡದು, ಯಾರೇ ಆಗಿರಲಿ. ಮೋಡೆಮ್ ಮೂರನೇ ಬಾಗಿಲು. ಅದರ ಹೆಸರು ಪಟ್ಟಿಯಲ್ಲಿಲ್ಲ. ನನ್ನ ಗೋಡೆ ನನ್ನನ್ನೇ ತಡೆದು ನಿಂತಿತ್ತು. "ನಾನು ಕಟ್ಟಿದ ಗೋಡೆಯಲ್ಲಿ ಇರುವೆಯೂ ನುಸುಳಲ್ಲ" ಎಂದು ಇದೇ ಮ್ಯಾನೇಜರ್ ಎದುರು ಮೀಸೆ ತಿರುವಿದ್ದು ನೆನಪಾಯಿತು. ಮಾಡಿದ್ದುಣ್ಣೋ ಮಹರಾಯ!

ಎರಡು ಸಾಲು ಟೈಪ್ ಮಾಡಿದೆ. ಮೂರನೇ ಬಾಗಿಲಿನಲ್ಲಿ ಹೋಗಲಿ. ಮೂರನೇ ಬಾಗಿಲಿನಲ್ಲಿ ಬರಲಿ. ಬೇರೆ ಯಾರಾದರೂ ನನ್ನ ಫೈರ್‌ವಾಲಿನಲ್ಲಿ ಹೀಗೆ ತೂತು ಕೊರೆದಿದ್ದರೆ ಕೈ ಮುರಿಯುತ್ತಿದ್ದೆ.

ಎಂಟು ಪರ್ಸೆಂಟ್... ಇಪ್ಪತ್ತು...

ಧಡ್! ಮಧ್ಯದ ಚಿಲಕ ಹೋಯಿತು.

ಐವತ್ತು... ಎಪ್ಪತ್ತೊಂದು...

"ಒಳಗೆ ಏನೋ ದೀಪ ಉರೀತಿದೆ ಸಾರ್," ಕರಡಿಯ ದನಿ.

"ಒಡಿ! ಬೇಗ ಒಡಿ!" ಸಕ್ಕರೆ ಪಾಕ ಪೂರ್ತಿ ಕರಗಿಹೋಗಿತ್ತು.

ತೊಂಬತ್ತಾರು... ನೂರು!

ಪ್ರಿಂಟ್ ಎಂದೆ. ಮನೆಯ ಯಂತ್ರ, ಆಗಲಿ ಎಂದಿತು. ಪ್ರಿಂಟರಿನಲ್ಲಿ ಕಾಗದ ಇದೆಯೋ ಇಲ್ಲವೋ? ರಿಬ್ಬನ್ ಒಣಗಿದೆಯೋ? ಕೇಳಲು ಯಾವ ಬೀಪೂ ಇರಲಿಲ್ಲ. ಫೋನ್ ತಂತಿ ಕಿತ್ತು, ಮೋಡೆಮ್ಮನ್ನು ಅದರ ಹಳೇ ಜಾಗಕ್ಕೆ, ರ‍್ಯಾಕಿನ ಕಾಲಡಿಗೆ ತಳ್ಳಿದೆ.

ಬಾಗಿಲು ಬಿತ್ತು.

ನಾನು ಕರಡಿಯ ಕಂಕುಳಡಿಯಲ್ಲಿ ನುಸುಳಿ ಓಡಿದೆ. ಕಾರಿಡಾರ್, ಎಡಕ್ಕೆ ಪ್ಯಾಕಿಂಗ್ ಹಾಲ್. ರಟ್ಟಿನ ಪೆಟ್ಟಿಗೆಗಳ ಒಂದು ಗೋಪುರಕ್ಕೆ ಡಿಕ್ಕಿ ಹೊಡೆದೆ, ಅದು ನನ್ನ ಹಿಂದೆ ಉರುಳಿತು. ಮ್ಯಾನೇಜರ್ ಅದನ್ನು ಎಡವಿ ಬಿದ್ದದ್ದು ಕೇಳಿಸಿತು. ಬಲಕ್ಕೆ ಲೋಡಿಂಗ್ ಕಟ್ಟೆ. ಲಾರಿ ನಿಂತಿತ್ತು. ಮುಕ್ಕಾಲು ಪಾಲು ತುಂಬಿತ್ತು. ಕಟ್ಟೆಯಿಂದ ಹಾರಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ನನ್ನ ಕಾಲರ್ ಹಿಡಿದು ಎತ್ತಿತು. ಕಾಲು ಗಾಳಿಯಲ್ಲೇ ಎರಡು ಹೆಜ್ಜೆ ಓಡಿತು.

"ಸಿಕ್ಕಿದ ಸಾರ್," ಎಂದ ಕರಡಿ. "ಕೋಲ್ಡ್ ರೂಮಿಗೆ ಹಾಕ್ಲಾ? ಒಂದು ತಾಸಿಗೆ ಹೆಪ್ಪುಗಟ್ತಾನೆ."

ಮ್ಯಾನೇಜರ್ ಮೊಣಕಾಲು ಉಜ್ಜಿಕೊಳ್ಳುತ್ತಾ ಬಂದ. ಆ ಮಾತು ಕೇಳಿ ಮುಖ ಬಿಳಿಚಿತು.

"ಬೇಡ! ಅಲ್ಲಿ ಬೇಡ!"

"ಯಾಕೆ ಸಾರ್? ನಾಲ್ಕು ಡಿಗ್ರಿ ಇದೆ." ಕರಡಿ ಬಾಗಿಲ ಮೇಲಿನ ಮೀಟರ್ ತೋರಿಸಿದ. ನಾಲ್ಕು ಎಂದೇ ಇತ್ತು.

"ಬೇಡ ಅಂದ್ನಲ್ಲ..."

"ಅಯ್ಯೋ, ಬೇಡ ಕಣಪ್ಪಾ!" ಎಂದು ನಾನೂ ಕೂಗಿದೆ. ಚಳಿಗೆ ನಿಜವಾಗ್ಲೂ ಹೆದರುತ್ತೇನೆ. "ಬೇರೆ ಎಲ್ಲಾದ್ರೂ ಹಾಕು!"

ನಾನು ಬೇಡ ಎಂದದ್ದೇ ಕರಡಿಗೆ ಸಾಕಾಯಿತು. ಬಾಗಿಲು ತೆಗೆದು ಒಳಗೆ ಎಸೆದ. ಹೊರಗಿನಿಂದ ಅಗಳಿ ಬಿತ್ತು.

ಕೈಕಾಲು ಮುದುರಿಕೊಂಡು ಹಲ್ಲು ಕಟಕಟಿಸಲು ತಯಾರಾದೆ. ಒಂದು ನಿಮಿಷ ಕಾದೆ. ಎರಡು ನಿಮಿಷ. ಚಳಿ ಬರಲಿಲ್ಲ. ಬದಲಿಗೆ ಕತ್ತಿನಿಂದ ಬೆವರು ಇಳಿಯಿತು.

ಆಗ ಅರ್ಥವಾಯಿತು. ಭಾನುವಾರ ಕೆಟ್ಟ ಕಂಪ್ರೆಸರ್ ಇನ್ನೂ ರಿಪೇರಿಯೇ ಆಗಿಲ್ಲ! ಮೀಟರಿಗೆ ನಾಲ್ಕು ಎಂದು ಸುಳ್ಳು ಹೇಳಲು ಕಲಿಸಿದ್ದರು, ಅಷ್ಟೇ. ಮ್ಯಾನೇಜರ್ ಕರಡಿಗೆ ಹೇಳುವುದಾದರೂ ಏನು? ಅಲ್ಲಿ ಹಾಕಬೇಡ, ಅಲ್ಲಿ ಸೆಖೆ ಎಂದೇ?

ಶರ್ಟ್ ಬಿಚ್ಚಿದೆ. ಒಂದು ಪೆಟ್ಟಿಗೆಯ ಮುಚ್ಚಳ ಹರಿದು ಗಾಳಿ ಹಾಕಿಕೊಳ್ಳುತ್ತಾ ಕೂತೆ.

ಮೂರೂವರೆಯ ಸುಮಾರಿಗೆ ಅಗಳಿ ಸರಿಯಿತು. ಹೆಪ್ಪುಗಟ್ಟಿದ್ದೇನೆಯೋ ಎಂದು ನೋಡಲು ಕರಡಿ ಇಣುಕಿದ. ಬನಿಯನ್ನಿನಲ್ಲಿ ಕೂತು ಬೀಸಿಕೊಳ್ಳುತ್ತಿದ್ದ ನನ್ನನ್ನು ನೋಡಿ ಹಾಗೇ ನಿಂತ.

"ಬಾ ಮಾರಾಯಾ," ಎಂದೆ. "ಬರುವಾಗ ಒಂದು ಫ್ಯಾನ್ ತಂದಿದ್ರೆ ಚೆನ್ನಾಗಿತ್ತು."

ಅವನು ಒಳಗೆ ಬಂದ. ಕೈ ಚಾಚಿ ಗಾಳಿ ಮುಟ್ಟಿ ನೋಡಿದ. ಒಂದು ಡ್ರಾಪ್ಸ್ ಬಾಟಲಿ ಎತ್ತಿ ಕೆನ್ನೆಗೆ ಒತ್ತಿಕೊಂಡ. ಹಿಂದೆಯೇ ಮ್ಯಾನೇಜರ್ ಓಡಿ ಬಂದ.

"ಸಾರ್... ಇಲ್ಲಿ ಸೆಖೆ."

"ನೀನು ಬಾಗಿಲು ತೆಗೆದಿದ್ಯಲ್ಲ, ಅದಕ್ಕೆ."

"ಹೊರಗಿಂತ ಒಳಗೇ ಜಾಸ್ತಿ ಇದೆ ಸಾರ್." ಬಾಟಲಿ ಅವನ ಅಂಗೈಯಲ್ಲಿ ಕಡಲೆಕಾಳಿನಂತೆ ಕಾಣುತ್ತಿತ್ತು. "ನನ್ನ ತಂಗಿ ಮಗೂಗೆ ಇದನ್ನೇ ಹಾಕಿಸ್ಬೇಕು. ಸ್ಟಾಕ್ ಬರ್ಲಿ ಅಂತ ಕ್ಲಿನಿಕ್‌ಗೆ ದಿನಾ ಹೋಗಿ ಬರ್ತಿದಾಳೆ. ಈ ಲಾರೀಲಿ ಬರತ್ತೆ ಅಂತ ನಾನೇ ಹೇಳಿದೀನಿ."

"ನಿನ್ನ ಕೆಲಸ ಗೇಟು ಕಾಯೋದು!"

"ಹೌದು ಸಾರ್," ಎಂದ ಕರಡಿ.

ಹೋದ. ಅವನ ಹಿಂದೆಯೇ ನಾನೂ ಹೊರಗೆ ಬಂದೆ. ಅವನು ಗೇಟು ಮುಚ್ಚಿದ. ಬೀಗ ಜಡಿದ. ಕೀಯನ್ನು ಸಾಕ್ಸ್ ಒಳಗೆ ಇಳಿಸಿದ. ಲಾರಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಡ್ರೈವರ್ ಹಾರ್ನ್ ಹೊಡೆದ, ಮ್ಯಾನೇಜರ್ ಕಿರುಚಿದ, ಆಮೇಲೆ ಕೈ ಮುಗಿದ. ಕರಡಿ ಗೇಟು ಕಾಯುತ್ತಿದ್ದ.

ನಾಲ್ಕಕ್ಕೆ ಐದು ನಿಮಿಷ ಇತ್ತು. ಗೇಟಿನ ಹೊರಗೆ ನನಗೆ ಚೆನ್ನಾಗಿ ಗೊತ್ತಿದ್ದ ಒಂದು ಶಬ್ದ. ನನ್ನ ಸ್ಕೂಟರ್! ಮೂರನೇ ಗೇರಿನಲ್ಲಿ ಹೋಗಬೇಕಾದ್ದನ್ನು ಒಂದನೇ ಗೇರಿನಲ್ಲಿ ಅರಚಿಸುತ್ತಾ ಬರುತ್ತಿದ್ದಳು. ಹಿಂದಿನ ಸೀಟಿನಲ್ಲಿ ಡ್ರಗ್ ಇನ್ಸ್‌ಪೆಕ್ಟರ್ ಮೇಡಂ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಕಂಕುಳಲ್ಲಿ ಒಂಬತ್ತು ಹಾಳೆ.

ಕರಡಿ ಸಾಕ್ಸಿನಿಂದ ಕೀ ತೆಗೆದ.

ಸ್ಕೂಟರ್ ಒಳಗೆ ಬಂತು. ನಿಲ್ಲಲಿಲ್ಲ. ಮ್ಯಾನೇಜರ ಹೊಸ ಕಾರಿನ ಬಾಗಿಲಿಗೆ ಹೋಗಿ ನಿಂತಿತು.

"ಬ್ರೇಕ್ ಸರಿ ಇಲ್ಲ ಅಂತ ನೀವು ಹೇಳ್ತಿದ್ದು ನಿಜಾನೇ," ಎಂದಳು ನನ್ನ ಹೆಂಡತಿ. ಆಮೇಲೆ ನನ್ನ ಬನಿಯನ್ ನೋಡಿ, ಕಾಲರ್ ಕೊರೆದ ಕತ್ತಿನ ಗಾಯ ನೋಡಿ, ಎಲ್ಲರ ಎದುರಿಗೂ ಅತ್ತಳು.

ಮೇಡಂ ಇಳಿದು, ಕನ್ನಡಕ ಸರಿಮಾಡಿಕೊಂಡು, ಕೋಲ್ಡ್ ರೂಮಿನ ಒಳಗೆ ಹೋದರು. ಚೀಲದಿಂದ ತಮ್ಮದೇ ಥರ್ಮಾಮೀಟರ್ ತೆಗೆದರು. ಇಪ್ಪತ್ತೇಳು. ಹೊರಗಿನ ಮೀಟರ್ ನೋಡಿದರು. ನಾಲ್ಕು.

"ಮೂರು ಗಂಟೆಯಿಂದ ನಿಮ್ಮನೆ ಫೋನ್ ಎಂಗೇಜ್ ಬರ್ತಿತ್ತಲ್ರೀ," ಎಂದರು ನನಗೆ. "ಸುಳ್ಳು ಕೇಸು ಅಂತ ಫೈಲ್ ಮುಚ್ಚೋಕೆ ಹೊರಟಿದ್ದೆ. ಅಷ್ಟರಲ್ಲಿ ಈಕೆ ಸ್ಕೂಟರ್ ಸಮೇತ ನಮ್ಮ ಆಫೀಸ್ ಮೆಟ್ಟಿಲು ಹತ್ತಿದಳು."

ಲಾರಿಗೆ ಸೀಲ್ ಬಿತ್ತು. ಮ್ಯಾನೇಜರ್ ಇಂಗು ತಿಂದ ಮಂಗನ ಹಾಗೆ ಲೋಡಿಂಗ್ ಕಟ್ಟೆಯ ಮೇಲೆ ಕೂತಿದ್ದ. ಮೇಡಂ ಕರೆಸಿದ ಪೊಲೀಸರು ಅವನನ್ನು ಜೀಪು ಹತ್ತಿಸುವಾಗ ನನ್ನನ್ನು ಒಂದೇ ಪ್ರಶ್ನೆ ಕೇಳಿದ. "ಕೇಬಲ್ ಕತ್ತರಿಸಿದ್ದೆ. ಕರೆಂಟ್ ತೆಗೆದಿದ್ದೆ. ಹೇಗೆ ಕಳಿಸಿದ್ರಿ?"

"ನೀವು ಕೊಟ್ಟ ರ‍್ಯಾಕಿನ ಒಂದು ಕಾಲು ಗಿಡ್ಡ ಸಾರ್," ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಹೆಂಡತಿಗೆ ಕೆಲಸ ವಾಪಸ್ ಬಂತು. ಕರಡಿಯ ತಂಗಿಯ ಮಗುವಿಗೆ ಬೇರೆ ಊರಿನಿಂದ ತರಿಸಿದ ಒಳ್ಳೆ ಡ್ರಾಪ್ಸ್ ಹಾಕಿಸಿದ್ದಾಯಿತು. ಹತ್ತು ಹೆಜ್ಜೆ ಆಚೆ ನಿಂತವರಿಗೂ ಕಿವುಡಾಗುವಂತೆ ಅದು ಅತ್ತಿತಂತೆ. ಕರಡಿ ಹೇಳುವಾಗ ಮೊದಲ ಸಲ ಅವನ ಹಲ್ಲು ನೋಡಿದೆ.

ನಾನು ಫೈರ್‌ವಾಲಿನಲ್ಲಿ ಕೊರೆದ ಆ ಎರಡು ಸಾಲಿನ ತೂತನ್ನು ಮರುದಿನವೇ ಮುಚ್ಚಿದೆ. ಎಷ್ಟಾದರೂ ಕಸುಬು.

ಮನೆಯ ವಿಷಯ ಕೇಳುತ್ತೀರಾ? ಮೊನ್ನೆ ಬೆಳಗ್ಗೆ ತಿಂಡಿ ತಿನ್ನುತ್ತಿದ್ದೆ. ಎದುರಿಗೆ ಬಂದು ನಿಂತಳು. ಕೈಯಲ್ಲಿ ಸ್ಕೂಟರ್ ಕೀ.

"ಇನ್ಮೇಲೆ ಇದನ್ನ ನಾನೇ ಇಟ್ಕೊಳ್ಲಾ?"

"ನೋಡು, ಆ ಬ್ರೇಕು... ರೋಡು ಬೇರೆ... ಮೋಡ ಕೂಡ..."

"ಮಾತು ಬೇಡ." ಒಂದು ಚಮಚ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. "ಒಂದಾ, ಎರಡಾ?"

ಉಕ್ಕಿನ ಬಾಗಿಲ ಹಿಂದೆ, ಹಾರೆಯ ಎದುರು, ಅರ್ಧ ತಾಸು ಬಗ್ಗದೆ ನಿಂತವನು ಸ್ವಾಮಿ ನಾನು...

ಒಂದೇ ಸಲ ಕುಟ್ಟಿದೆ. ಅಂದಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ.